ಮೊದಲ ಮಗುವಿನ ಮುದ್ದು ಹೆಸರು

ಮಾರ್ಚ್ 3, ಸೋಮವಾರ

ಸೋಮವಾರದ ಲೆಕ್ಕಕ್ಕೆ ಬೈಗುಳ ಕಡಿಮೆ. ಕಾರ್ಡ್ ವೆರಿಫಿಕೇಷನ್ ಡೆಸ್ಕಿನಲ್ಲಿ ಕೂತವರಿಗೆ ಥ್ಯಾಂಕ್ಸ್ ಹೇಳುವವರಿಲ್ಲ. ಕಳ್ಳತನ ಆದರೆ ಬ್ಯಾಂಕನ್ನು ಬೈಯುತ್ತಾರೆ, ಆಗದಂತೆ ತಡೆದರೆ ನಮ್ಮನ್ನು ಬೈಯುತ್ತಾರೆ. ಊಟದ ಹೊತ್ತಿಗೆ ಫೋನ್ ಮಾಡಿ, ಈಗಷ್ಟೇ ಆನ್‌ಲೈನಿನಲ್ಲಿ ಟಿವಿ ಕೊಂಡಿದ್ದು ನೀವೇನಾ ಎಂದು ಕೇಳಿದರೆ ಯಾರಿಗೆ ತಾನೇ ಇಷ್ಟವಾದೀತು. ಇವತ್ತೊಬ್ಬರು, ದನಿಯಲ್ಲೇ ಹೊಟ್ಟೆ ಕಾಣುವಂಥ ದೊಡ್ಡ ಮನುಷ್ಯರು, ನೀನೇ ಕಳ್ಳಿಯಲ್ಲ ಅಂತ ಏನು ಗ್ಯಾರಂಟಿ ಅಂದರು. ಒಳ್ಳೆಯ ಪ್ರಶ್ನೆ. ಇಟ್ಟುಬಿಡಿ ಸಾರ್, ಕಾರ್ಡಿನ ಹಿಂದಿರುವ ನಂಬರಿಗೆ ನೀವೇ ಮಾಡಿ ಅಂದೆ. ಮಾಡಿದರು. ತಿರುಗಾಡಿ ನನಗೇ ಬಂತು ಕಾಲ್. ಇಬ್ಬರಿಗೂ ನಗು ತಡೆಯಲಿಲ್ಲ.

ಮನೆಗೆ ಬಂದು ಬೆಲ್ ಮಾಡಿದರೆ ಒಳಗಿನಿಂದ ಅಮ್ಮನ ದನಿ — "ಹಲೋ, ಯಾರು ಬೇಕಾಗಿತ್ತು?" ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ರಿಟೈರಾಗಿ ಎಷ್ಟೋ ಕಾಲವಾದರೂ ಆ ದನಿ ಮಾತ್ರ ಇಸ್ತ್ರಿ ಮಾಡಿಟ್ಟ ಹಾಗಿದೆ. ಚಿನ್ನಿ ಕಣಮ್ಮ ಅಂದೆ. "ಲೈನ್‌ನಲ್ಲಿರಿ" ಅಂದಳು. ತಮಾಷೆ ಎಂದುಕೊಂಡು ನಕ್ಕೆ. ಆಮೇಲೆ ಎಷ್ಟು ಹೊತ್ತಾದರೂ ಬಾಗಿಲು ತೆರೆಯಲಿಲ್ಲ. ಕೊನೆಗೆ ನನ್ನ ಬೀಗದಕೈಯಿಂದಲೇ ತೆರೆದೆ. ಅಮ್ಮ ಕುರ್ಚಿಯಲ್ಲಿ ಕೂತು ಕಿಟಕಿ ನೋಡುತ್ತಿದ್ದಳು. ಈಗ ಬಂದೆಯಾ ಅಂದಳು. ಈಗ ಬಂದೆ ಅಂದೆ.

ಬುಧವಾರ ಡಾಕ್ಟರ್. ಚಿಕ್ಕಮ್ಮನೂ ಬರುತ್ತಾಳಂತೆ. ಬೇಡ ಅಂದರೆ ಕೇಳುವವಳಲ್ಲ.

ಮಾರ್ಚ್ 5, ಬುಧವಾರ

ಡಾಕ್ಟರ್ ಇವತ್ತು ಯಾವ ವಾರ ಎಂದು ಕೇಳಿದರು. ಅಮ್ಮ ಬೆನ್ನು ನೆಟ್ಟಗೆ ಮಾಡಿ — "ಆ ವಿವರ ಸದ್ಯಕ್ಕೆ ಸಿಗ್ತಾ ಇಲ್ಲ, ಸ್ವಲ್ಪ ಹೊತ್ತು ಬಿಟ್ಟು ವಿಚಾರಿಸಿ." ಡಾಕ್ಟರ್ ನಕ್ಕರು. ಗಡಿಯಾರ ಬರೆಯಿರಿ ಅಂದರು. ಅಮ್ಮ ದುಂಡಗೆ ಬರೆದಳು, ಅಂಕಿಗಳೆಲ್ಲ ಒಂದೇ ಕಡೆ ಗುಂಪಾಗಿ ನಿಂತವು. ಡಾಕ್ಟರ್ ನಗು ನಿಲ್ಲಿಸಿದರು.

ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದು: ಮರೆವು ನೀವು ಅಂದುಕೊಂಡದ್ದಕ್ಕಿಂತ ಮುಂದೆ ಹೋಗಿದೆ. ಮಾತು ಚೆನ್ನಾಗಿರುವುದರಿಂದ ಗೊತ್ತಾಗುತ್ತಿಲ್ಲ. ದುಡ್ಡು, ಕಾರ್ಡು, ಗ್ಯಾಸು ಅವರ ಕೈಗೆ ಬಿಡಬೇಡಿ.

ಬಸ್ಸಿನಲ್ಲಿ ಚಿಕ್ಕಮ್ಮ ಅದನ್ನೇ ಹಿಡಿದುಕೊಂಡಳು. ಅಕ್ಕನ ಕಾರ್ಡ್ ಇಸಕೋ, ಎಲ್ಲ ನಿನ್ನ ಹೆಸರಿಗೆ ಮಾಡಿಸಿಕೋ. ನನಗೆ ರೇಗಿತು. ಅಪ್ಪ ಇದ್ದಷ್ಟು ದಿನ ಅಮ್ಮ ಸಂಬಳ ತಂದವಳೇ ಹೊರತು ಖರ್ಚು ಮಾಡಿದವಳಲ್ಲ. ಅಪ್ಪ ಹೋದ ಮೇಲೆ ತನ್ನ ಹೆಸರು ಅಚ್ಚಾದ ಕಾರ್ಡ್ ಬಂದಾಗ ಅದನ್ನು ಸೆರಗಿನಲ್ಲಿ ಒರೆಸಿ ಒರೆಸಿ ನೋಡಿದ್ದಳು. ಆನ್‌ಲೈನಿನಲ್ಲಿ ಉಲ್ಲನ್ ತರಿಸುವುದು, ಪರಿಮಳದ ಸೋಪು ತರಿಸುವುದು, ಪಾರ್ಸಲ್ ಬಂದಾಗ ತಾನೇ ಹೋಗಿ ಸಹಿ ಹಾಕುವುದು. ಅದನ್ನು ಕಿತ್ತುಕೊಂಡರೆ ಅವಳಿಗೆ ಉಳಿಯುವುದೇನು?

ಅಮ್ಮ ಸರಿ ಇದ್ದಾಳೆ ಎನ್ನುವುದಕ್ಕೆ ನನ್ನ ಹತ್ತಿರ ಸಾಕ್ಷಿ ಇದೆ ಅಂದೆ. ಬಸ್ಸಿನಲ್ಲೇ ಪರೀಕ್ಷೆ ಮಾಡಿ ತೋರಿಸಿದೆ.

"ಅಮ್ಮಾ, ಮೊದಲ ಮಗುವಿನ ಮುದ್ದು ಹೆಸರು ಹೇಳು."

"ಜೀರುಂಡೆ," ಅಂದಳು ಅಮ್ಮ. ಒಂದು ಕ್ಷಣವೂ ತಡವರಿಸಲಿಲ್ಲ.

ಚಿಕ್ಕಮ್ಮನಿಗೆ ವಿವರಿಸಿದೆ. ಕಾರ್ಡ್ ಮಾಡಿಸುವಾಗ ಬ್ಯಾಂಕಿನವರು ಒಂದು ಗುಟ್ಟಿನ ಪ್ರಶ್ನೆಗೆ ಉತ್ತರ ಕೇಳುತ್ತಾರೆ. ಅಮ್ಮನ ಪಾಲಿಗೆ ಬಂದದ್ದು ಈ ಪ್ರಶ್ನೆ. ನಿಜ ಬರೆಯಬೇಡ ಅಂತ ನಾನೇ ಹೇಳಿಕೊಟ್ಟಿದ್ದೆ. ನಿನಗಿರುವುದು ನಾನೊಬ್ಬಳೇ, ಚಿನ್ನಿ ಅಂತ ಇಡೀ ಬೀದಿಗೆ ಗೊತ್ತು, ಕಳ್ಳನಿಗೆ ಗೊತ್ತಾಗುವುದು ಕಷ್ಟವೇ? ಒಂದು ಸುಳ್ಳು ಬರೆ, ಅದನ್ನು ನೆನಪಿಟ್ಟುಕೋ ಅಂದಿದ್ದೆ. ಅಮ್ಮ ಸುಮಾರು ಹೊತ್ತು ಕೂತು, ಒಂದೇ ಬೆರಳಿನಲ್ಲಿ ತಾನೇ ಒತ್ತಿದಳು: ಜೀರುಂಡೆ. ನಾನು ಬಿದ್ದು ಬಿದ್ದು ನಕ್ಕಿದ್ದೆ. ಇಂಥ ಹೆಸರು ಯಾವ ಕಳ್ಳನ ಅಪ್ಪನಿಗೂ ಹೊಳೆಯಲಿಕ್ಕಿಲ್ಲ.

ಹೇಳಿಕೊಟ್ಟ ಸುಳ್ಳನ್ನು ಇಷ್ಟು ವರ್ಷ ಜೋಪಾನ ಮಾಡಿದವಳಿಗೆ ಮರೆವಿನ ಕಾಯಿಲೆ ಅಂದರೆ ಹೇಗೆ ನಂಬುವುದು ಎಂದು ಕೇಳಿದೆ. ಚಿಕ್ಕಮ್ಮ ಕಿಟಕಿ ಕಡೆ ತಿರುಗಿದವಳು ತಿರುಗಿಯೇ ಇದ್ದಳು. ತನ್ನ ಸ್ಟಾಪಿಗೆ ಮುಂಚೆಯೇ ಇಳಿದುಹೋದಳು. ಸೋತರೆ ಹೀಗೇ ಅವಳು.

ಮಾರ್ಚ್ 14, ಶುಕ್ರವಾರ

ಆಫೀಸಿನಲ್ಲಿ ನಮ್ಮ ಸೂಪರ್‌ವೈಸರ್, ನಾವೆಲ್ಲ ಮೀಸೆ ಅಂತ ಕರೆಯುವವರು, ಕ್ಯಾಬಿನ್ನಿಗೆ ಕರೆದರು. ನಿಮ್ಮ ತಾಯಿಯ ಕಾರ್ಡಿನಲ್ಲೊಂದು ಖರೀದಿ ಸಿಸ್ಟಮ್ಮಿಗೆ ಅನುಮಾನ ತರಿಸಿದೆ, ಮನೆಯವರ ಫೈಲ್ ನೀವು ಮುಟ್ಟುವಂತಿಲ್ಲ, ಜಡೆ ನೋಡ್ತಾರೆ ಅಂದರು.

ಜಡೆ ನನ್ನ ಪಕ್ಕದ ಸೀಟಿನವಳು. ಕುರ್ಚಿಯ ಚಕ್ರಕ್ಕೆ ಸಿಕ್ಕಿಹಾಕಿಕೊಳ್ಳುವಷ್ಟು ಉದ್ದದ ಜಡೆ. ನಾನು ನೀರಿನ ಮೆಷಿನ್ನಿನ ಹತ್ತಿರ ಹೋಗಿ ನಿಂತೆ. ಕೇಳಿಸಿಕೊಳ್ಳಬಾರದು, ಆದರೂ ಕಿವಿ ಅಲ್ಲೇ.

ಕಾಲ್ ಮುಗಿಸಿ ಬಂದು ಜಡೆ ನಗುತ್ತ ಹೇಳಿದಳು. ಎಲ್ಲ ಹಸಿರು. ಜನ್ಮದಿನ ಹಸಿರು, ವಿಳಾಸ ಹಸಿರು, ಗುಟ್ಟಿನ ಪ್ರಶ್ನೆಯೂ ಹಸಿರು. ಖರೀದಿ ನಾನೇ ಮಾಡಿದ್ದು ಅಂತ ಖಡಕ್ಕಾಗಿ ಹೇಳಿದರಂತೆ. ಕೊನೆಗೆ ಜಡೆಗೇ ಪಾಠ: ಮೌತ್‌ಪೀಸನ್ನು ತುಟಿಗೆ ಅಷ್ಟು ಹತ್ತಿರ ಹಿಡಿಯಬಾರದು, ಉಸಿರು ಕೇಳಿಸುತ್ತದೆ. "ನಿಮ್ಮಮ್ಮನ ದನಿ ಕೇಳಿದ್ರೆ ನಾವೆಲ್ಲ ಕೆಲಸ ಬಿಡಬೇಕು ಕಣೆ," ಅಂದಳು.

ನನಗೆ ಕೋಡು ಬಂತು. ಡಾಕ್ಟರಿಗೇ ಫೋನ್ ಮಾಡಿ ಹೇಳೋಣ ಅನ್ನಿಸಿತು. ಕೊಂಡದ್ದು ಏನು ಅಂತ ಕೇಳಲಿಲ್ಲ, ಕೇಳುವಂತೆಯೂ ಇಲ್ಲ. ಅಮ್ಮ ಎಂದೂ ಕೊಳ್ಳದ ಅಂಗಡಿಯಂತೆ, ಅಷ್ಟೇ. ಎಂದೂ ಕೊಳ್ಳದ್ದನ್ನು ಕೊಂಡರೆ ಸಿಸ್ಟಮ್ ತಡೆದು ನಿಲ್ಲಿಸುತ್ತದೆ. ಅದರ ಕೆಲಸವೇ ಅದು.

ಮಾರ್ಚ್ 18, ಮಂಗಳವಾರ

ಇವತ್ತು ನನಗೆ ರಜೆ, ಪಾರ್ಸಲ್ ಬಂದಾಗ ಮನೆಯಲ್ಲೇ ಇದ್ದೆ. ಒಳಗೆ ಹಳದಿ ಬಣ್ಣದ ಪುಟಾಣಿ ಸ್ವೆಟರ್, ಹಳದಿ ಟೋಪಿ, ನನ್ನ ಹೆಬ್ಬೆರಳಿಗಷ್ಟೇ ಹಿಡಿಸುವ ಕಾಲುಚೀಲ. ಯಾರಿಗಮ್ಮ ಇದು ಅಂದೆ. ಮಗುವಿಗೆ ಅಂದಳು. ಯಾವ ಮಗು? ಚಳಿ ಇದೆಯಲ್ಲ ಅಂದಳು.

ಚಳಿ ಎಲ್ಲಿದೆ, ಫ್ಯಾನ್ ತಿರುಗುತ್ತಿದೆ. ಆಮೇಲೆ ಹೊಳೆಯಿತು. ಎರಡನೇ ಮಹಡಿಯ ಹುಡುಗಿಗೆ ಇದು ಹೆರಿಗೆಯ ತಿಂಗಳು. ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ಅಮ್ಮ ಅವಳ ಹೊಟ್ಟೆಯನ್ನು ನೋಡುತ್ತಾಳೆ. ನನಗೆ ಹೇಳದೆ ಉಡುಗೊರೆ ತರಿಸಿದ್ದಾಳೆ ಕಳ್ಳಿ! ಅಮ್ಮ ಮಧ್ಯಾಹ್ನ ಮಲಗಿದ್ದಾಗ ಕೆಳಗೆ ಹೋಗಿ ಕೊಟ್ಟುಬಂದೆ. ಆ ಹುಡುಗಿಗೆ ಆಶ್ಚರ್ಯ. ಎರಡು ಕೈಯಲ್ಲಿ ಇಸಕೊಂಡು ಕೆನ್ನೆಗೆ ಒತ್ತಿಕೊಂಡಳು.

ಸಂಜೆ ಅಮ್ಮ ಕಪಾಟು ತೆಗೆದು ಹಾಕಿ ಮಾಡುತ್ತಿದ್ದಳು. ಏನು ಹುಡುಕುತ್ತಿದ್ದೀಯ ಅಂದರೆ ಏನಿಲ್ಲ ಅಂದಳು. ಮಲಗುವವರೆಗೂ ಹುಡುಕಿದಳು.

ಏಪ್ರಿಲ್ 9, ಬುಧವಾರ

ಆದದ್ದನ್ನು ಆದ ಹಾಗೇ ಬರೆದಿಡಬೇಕು.

ಬೆಳಿಗ್ಗೆ ನಾನು ಆಫೀಸಿಗೆ ಹೊರಟ ಮೇಲೆ ಅಮ್ಮನಿಗೆ ಫೋನ್ ಬಂದಿದೆ. ಒಬ್ಬಳು ಹೆಂಗಸು, ಬ್ಯಾಂಕಿನ ಕಾರ್ಡ್ ವೆರಿಫಿಕೇಷನ್ ಡೆಸ್ಕಿನಿಂದ ಅಂತ ಹೇಳಿಕೊಂಡಿದ್ದಾಳೆ. ನಮ್ಮ ಡೆಸ್ಕಿನ ಹೆಸರು! ಅಮ್ಮನಿಗೆ ಫೋನಿನಲ್ಲಿ ಮಾತಾಡುವವರೆಲ್ಲ ತನ್ನ ಸಹೋದ್ಯೋಗಿಗಳೇ. ಕೇಳಿದ್ದಕ್ಕೆ ಅಮ್ಮ ಜನ್ಮದಿನ, ವಿಳಾಸ ಹೇಳಿದ್ದಾಳೆ, ಕಾರ್ಡಿನ ನಂಬರ್ ಓದಿ ಹೇಳಿದ್ದಾಳೆ. ಹಿಂದಿನ ಮೂರು ಅಂಕಿ ಹೇಳಿದ್ದಾಳೆ. ಕಾರ್ಡ್ ಕೈಯಲ್ಲಿದ್ದವರಿಗೆ ಮಾತ್ರ ಗೊತ್ತಿರಲಿ ಅಂತಲೇ ಅಚ್ಚು ಹಾಕುವ ಮೂರು ಅಂಕಿ. ನಾವು ಯಾವತ್ತೂ ಅದನ್ನು ಕೇಳುವುದಿಲ್ಲ, ಓಟಿಪಿಯನ್ನೂ ಕೇಳುವುದಿಲ್ಲ. ಸಾವಿರ ಸಲ ಹೇಳಿದ್ದೆ ಅಮ್ಮನಿಗೆ. ಓಟಿಪಿಯನ್ನೂ ಓದಿ ಹೇಳಿದ್ದಾಳೆ. ಸ್ಪಷ್ಟವಾಗಿ, ಒಂದೊಂದೇ ಅಂಕಿ ಬಿಡಿಸಿ.

ಅಷ್ಟಕ್ಕೇ ಮುಗಿಯಲಿಲ್ಲ. ಆ ಹೆಂಗಸು ಒಂದು ಕೋಡ್ ಕೊಟ್ಟು ಡಯಲ್ ಮಾಡಿ ಅಂದಿದ್ದಾಳೆ. ಅಮ್ಮನಿಗೆ ಬರುವ ಕಾಲ್‌ಗಳೆಲ್ಲ ಅವಳ ನಂಬರಿಗೆ ಹೋಗುವಂತೆ ಮಾಡುವ ಕೋಡ್. ಒಬ್ಬರ ಲೈನನ್ನು ಇನ್ನೊಬ್ಬರಿಗೆ ಜೋಡಿಸುವುದು ಅಮ್ಮ ಜೀವಮಾನವಿಡೀ ಮಾಡಿದ ಕೆಲಸ. ಸಂತೋಷವಾಗಿ ಮಾಡಿಕೊಟ್ಟಿದ್ದಾಳೆ.

ಮೂರು ದುಬಾರಿ ಫೋನು, ಹೊಸ ವಿಳಾಸಕ್ಕೆ. ಹೊಸ ಕಂಪ್ಯೂಟರಿನಿಂದ. ಸಿಸ್ಟಮ್ ಹಿಡಿದು ನಿಲ್ಲಿಸಿತು. ಜಡೆಗೆ ಬಂತು. ಜಡೆ ಅಮ್ಮನ ನಂಬರಿಗೆ ಮಾಡಿದರೆ ಎತ್ತಿದ್ದು ಆ ಹೆಂಗಸು. ಮುದಿ ದನಿ ಮಾಡಿಕೊಂಡು, ಹೌದಮ್ಮಾ ನಾನೇ ಕೊಂಡಿದ್ದು ಅಂದಿದ್ದಾಳೆ. ಜನ್ಮದಿನ ಸರಿ. ವಿಳಾಸ ಸರಿ. ಆಮೇಲೆ ಗುಟ್ಟಿನ ಪ್ರಶ್ನೆ. ನಮಗೆ ಸ್ಕ್ರೀನಿನಲ್ಲಿ ಉತ್ತರ ಕಾಣುವುದಿಲ್ಲ. ಅವರು ಹೇಳಿದ್ದನ್ನು ಟೈಪ್ ಮಾಡಬೇಕು, ಹಸಿರೋ ಕೆಂಪೋ ಅದೇ ಹೇಳುತ್ತದೆ.

"ಚಿನ್ನಿ," ಅಂದಳಂತೆ ಅವಳು.

ಕೆಂಪು.

ಇನ್ನೊಮ್ಮೆ ಯೋಚಿಸಿ ಅಂದಳಂತೆ ಜಡೆ. ನನ್ನ ಮಗಳನ್ನ ನಾನು ಏನಂತ ಕರೀತೀನಿ ಅಂತ ನನಗೆ ಗೊತ್ತಿಲ್ವಾ ಎಂದು ದಬಾಯಿಸಿದಳಂತೆ ಅವಳು. ಚಿನ್ನಿ, ಚಿನ್ನಿ, ಚಿನ್ನಿ. ಕೆಂಪು. ಜಡೆ ಕಾರ್ಡ್ ಬ್ಲಾಕ್ ಮಾಡಿದಳು. ಒಂದು ಪೈಸೆ ಹೋಗಲಿಲ್ಲ.

ನನ್ನ ಹೆಸರು ಅವಳಿಗೆ ಸಿಕ್ಕಿದ್ದಾದರೂ ಎಲ್ಲಿ? ಹುಡುಕಬೇಕಾಗಲಿಲ್ಲ. ನನ್ನ ಹುಟ್ಟುಹಬ್ಬಕ್ಕೆ ಚಿಕ್ಕಮ್ಮ ನನ್ನ ಪೇಜಿನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿದ್ದಾಳೆ, ನಮ್ಮಕ್ಕನ ಮುದ್ದಿನ ಚಿನ್ನಿಗೆ ಅಂತ, ಹೂವಿನ ಚಿತ್ರದ ಸಮೇತ.

ಮೀಸೆ ತಾವೇ ಟೀ ತಂದು ನನ್ನ ಮುಂದಿಟ್ಟರು. ಕಾಪಾಡಿದ್ದು ನಿಮ್ಮ ತಾಯಿಯ ಉತ್ತರ ಅಂದರು. ಅಮ್ಮ ಕಾರ್ಡ್ ಕೊಟ್ಟಳು, ಅಂಕಿ ಕೊಟ್ಟಳು, ಲೈನನ್ನೇ ಕೊಟ್ಟಳು. ಅದೊಂದನ್ನು ಮಾತ್ರ ಕೊಡಲಿಲ್ಲ. ನಾನು ಕಲಿಸಿದ ಸುಳ್ಳು ಅಮ್ಮನನ್ನು ಉಳಿಸಿತು. ಟಾಯ್ಲೆಟ್ಟಿಗೆ ಹೋಗಿ ಸಮಾಧಾನವಾಗುವಷ್ಟು ಅತ್ತೆ.

ಚಿಕ್ಕಮ್ಮನಿಗೆ ಫೋನ್ ಮಾಡಿ ಜಂಬ ಕೊಚ್ಚಿದೆ. ನಾಳೆ ಬರ್ತೀನಿ ಅಂದಳು. ದನಿ ಯಾಕೋ ಸಣ್ಣಗಿತ್ತು.

ಏಪ್ರಿಲ್ 10, ಗುರುವಾರ

ಚಿಕ್ಕಮ್ಮ ಬಂದಳು. ಅಮ್ಮ ಒಳಗೆ ಮಲಗಿದ್ದಳು. ಅಡುಗೆಮನೆಯಲ್ಲಿ ನಾನು ಪಾತ್ರೆ ತೊಳೆಯುತ್ತಿದ್ದೆ, ಅವಳು ಒರೆಸುತ್ತಿದ್ದಳು. ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸುತ್ತಿದ್ದಳು.

"ಅದು ಸುಳ್ಳಲ್ಲ ಕಣೇ," ಅಂದಳು.

ಯಾವುದು ಅಂದೆ.

"ಜೀರುಂಡೆ. ನಿನಗಿಂತ ಮುಂಚೆ ಒಬ್ಬ ಇದ್ದ."

ನಲ್ಲಿ ಹರಿಯುತ್ತಿತ್ತು. ಚಿಕ್ಕಮ್ಮನೇ ಕೈಚಾಚಿ ನಿಲ್ಲಿಸಿದಳು.

ಗಂಡು ಮಗು. ಚಳಿಗಾಲದಲ್ಲಿ ಹುಟ್ಟಿದ್ದು. ಜೋರಾಗಿ ಅಳುವ ಶಕ್ತಿ ಇರಲಿಲ್ಲವಂತೆ. ಸಣ್ಣ ದನಿಯಲ್ಲಿ ಎಡೆಬಿಡದೆ ಕಿರಿ ಕಿರಿ ಅನ್ನುತ್ತಿದ್ದನಂತೆ. ಅದಕ್ಕೆ ಅಪ್ಪ ಇಟ್ಟ ಹೆಸರು ಜೀರುಂಡೆ. ಸರಿಯಾದ ಹೆಸರಿಡುವ ತನಕ ಇರಲಿ ಅಂತ. ಸರಿಯಾದ ಹೆಸರಿಡುವ ತನಕ ಅವನು ಇರಲಿಲ್ಲ.

ರಜೆ ಮುಗಿದು ಅಮ್ಮ ಎಕ್ಸ್‌ಚೇಂಜಿಗೆ ಹೋಗಲೇಬೇಕಿತ್ತು. ಮಗು ನೋಡಿಕೊಳ್ಳಲು ಚಿಕ್ಕಮ್ಮ ಬಂದಿದ್ದಳು, ಆಗಿನ್ನೂ ಸ್ಕೂಲಿಗೆ ಹೋಗುವ ಹುಡುಗಿ. ಅಮ್ಮ ಒಂದು ಕಾಲ್‌ಗೂ ಇನ್ನೊಂದು ಕಾಲ್‌ಗೂ ನಡುವೆ, ಲೈನ್ ಜೋಡಿಸುವ ಬೋರ್ಡಿನ ಮರೆಯಲ್ಲಿ ಹಳದಿ ಉಲ್ಲನ್ನಿನಿಂದ ಸ್ವೆಟರ್ ಹೆಣೆಯುತ್ತಿದ್ದಳಂತೆ. ಒಂದು ತೋಳು ಬಾಕಿ ಇತ್ತು. ಒಂದು ಮಧ್ಯಾಹ್ನ ಮಗುವಿಗೆ ಉಸಿರು ಸಿಕ್ಕಲಿಲ್ಲ. ಚಿಕ್ಕಮ್ಮ ಪಕ್ಕದ ಮನೆಯವರನ್ನು ಕರೆತಂದಳು. ಅವರು ನೋಡಿ ತಲೆ ಅಲ್ಲಾಡಿಸಿದರು. ಎದುರಿನ ಅಂಗಡಿಗೆ ಓಡಿ ಫೋನ್ ಎತ್ತಿದರೆ ಆ ಕಡೆಯಿಂದ — ಯಾರು ಬೇಕಾಗಿತ್ತು?

ಅಮ್ಮನ ಬೋರ್ಡಿಗೇ ಬಿದ್ದಿತ್ತು ಕಾಲ್.

"ಅಕ್ಕಾ ಅಂದೆ," ಅಂದಳು ಚಿಕ್ಕಮ್ಮ. "ಜೀರುಂಡೆ ಸುಮ್ಮನಾಗಿಬಿಟ್ಟ ಅಂದೆ. ಅಷ್ಟೇ ಹೇಳಕ್ಕಾಗಿದ್ದು. ಅಕ್ಕ, ಲೈನ್‌ನಲ್ಲಿರಿ ಅಂದಳು. ಅದೇ ದನೀಲಿ. ನಾನು ಹಿಡ್ಕೊಂಡೇ ನಿಂತಿದ್ದೆ ಕಣೇ, ಆ ಕಡೆಯಿಂದ ಗುಂಯ್ ಅಂತ ಬರ್ತಾನೇ ಇತ್ತು. ನಿಮ್ಮಮ್ಮ ಅಂಗಡಿ ಮುಂದೆ ಓಡಿ ಬಂದ್ರೂ ಫೋನ್ ಇಟ್ಟಿರಲಿಲ್ಲ ನಾನು."

ಆಮೇಲೆ ಮನೆಯಲ್ಲಿ ಆ ಮಾತು ಎತ್ತಬಾರದು ಅಂತ ಅಪ್ಪ ಹೇಳಿದರು. ಅಮ್ಮ ಎತ್ತಲಿಲ್ಲ. ನಾನು ಹುಟ್ಟಿದೆ. ನನಗೆ ನೆನಪಿರುವ ಅಮ್ಮ ಯಾವಾಗಲೂ ಗಟ್ಟಿಗಿತ್ತಿ, ನಗುವವಳು, ಉಲ್ಲನ್ ತರಿಸಿ ಊರಿಗೆಲ್ಲ ಮಫ್ಲರ್ ಹೆಣೆದು ಕೊಡುವವಳು. ಸ್ವೆಟರ್ ಹೆಣೆದದ್ದು ನಾನು ನೋಡೇ ಇಲ್ಲ. ಈಗ ಹೊಳೆಯುತ್ತಿದೆ.

ಸುಳ್ಳು ಬರೆ ಅಂದಾಗ ಅಮ್ಮ ಎಷ್ಟು ಹೊತ್ತು ಕೂತಿದ್ದಳು. ನಾನು ನಕ್ಕಾಗ ಅವಳು ನಗಲಿಲ್ಲ. ನನಗದು ನೆನಪಿದೆ.

ಏಪ್ರಿಲ್ 11, ಶುಕ್ರವಾರ

ರಜೆ ಹಾಕಿದೆ. ಎರಡು ದುಃಖ ಒಟ್ಟಿಗೆ ಬಂದರೆ ಯಾವುದಕ್ಕೆ ಮೊದಲು ಅಳಬೇಕು ಎಂದೇ ತಿಳಿಯುವುದಿಲ್ಲ.

ಒಂದು, ಅವನು. ಇನ್ನೊಂದು, ನನ್ನ ಪರೀಕ್ಷೆ. ಅಮ್ಮ ವಯಸ್ಸಾದ ಮೇಲೆ ಕಲಿತದ್ದನ್ನು ನೆನಪಿಟ್ಟಿದ್ದಾಳೆ, ಆದ್ದರಿಂದ ಅಮ್ಮ ಸರಿ ಇದ್ದಾಳೆ ಅಂತ ತಿಳಿದಿದ್ದೆ. ಅವಳು ಕಲಿತದ್ದೇನೂ ಇರಲಿಲ್ಲ. ಎಲ್ಲಕ್ಕಿಂತ ತಳದಲ್ಲಿದ್ದದ್ದು ಮೇಲೆ ಬಂದಿತ್ತು, ಅಷ್ಟೇ. ಡಾಕ್ಟರ್ ಹೇಳಿದ್ದೇ ನಿಜ. ಅಮ್ಮ ಹೋಗುತ್ತಿದ್ದಾಳೆ. ನಾನು ವಾರಗಟ್ಟಲೆ, ತಿಂಡಿ ತಿನ್ನುವಾಗ, ತಲೆ ಬಾಚುವಾಗ, ಬಸ್ಸಿನಲ್ಲಿ, ನಗುನಗುತ್ತ ಅವಳ ಸತ್ತ ಮಗುವಿನ ಹೆಸರು ಕೇಳಿದ್ದೇನೆ. ಒಂದು ಸಲವೂ ಬೇಸರಿಸದೆ ಹೇಳಿದ್ದಾಳೆ.

ಎರಡನೇ ಮಹಡಿಯಲ್ಲಿ ಹೆರಿಗೆಯಾಗಿದೆ. ಬಾಲ್ಕನಿಯ ತಂತಿಯ ಮೇಲೆ ಹಳದಿ ಸ್ವೆಟರ್, ಹಳದಿ ಟೋಪಿ ಒಣಗುತ್ತಿದ್ದವು. ಅಮ್ಮ ನಮ್ಮ ಬಾಲ್ಕನಿಯಿಂದ ಬಗ್ಗಿ ನೋಡುತ್ತ ನಿಂತಿದ್ದಳು. ಕೆಳಗೆ ಹೋಗಿ ವಾಪಸ್ ಕೇಳಲೇ ಎಂದುಕೊಂಡೆ. ಏನಂತ ಕೇಳುವುದು? ಅಮ್ಮನ ಪಕ್ಕ ನಾನೂ ನಿಂತೆ.

"ಎರಡು ತೋಳೂ ಇದೆ," ಅಂದಳು ಅಮ್ಮ.

ಹೌದಮ್ಮ ಅಂದೆ.

ಮೇ 19, ಸೋಮವಾರ

ಬರೆಯದೆ ತಿಂಗಳ ಮೇಲಾಯಿತು. ಬರೆಯುವುದಕ್ಕೆ ಒಳ್ಳೆಯದೇನೂ ಇರಲಿಲ್ಲ.

ಹಗಲಿಗೆ ಆಯಾ ಇಟ್ಟಿದ್ದೇನೆ. ಅಮ್ಮ ಅವಳನ್ನು ಹೊಸದಾಗಿ ಸೇರಿದ ಟ್ರೇನಿ ಎಂದು ತಿಳಿದು ಕೆಲಸ ಹೇಳಿಕೊಡುತ್ತಾಳೆ. ನನ್ನನ್ನು ಯಾರೆಂದು ತಿಳಿದಿದ್ದಾಳೋ ಗೊತ್ತಿಲ್ಲ. ಹೆಸರು ಹಿಡಿದು ಕರೆದು ಬಹಳ ದಿನವಾಯಿತು. ಬನ್ನಿ, ಕೂತ್ಕೊಳ್ಳಿ ಅನ್ನುತ್ತಾಳೆ. ಒಮ್ಮೆ ಚಿನ್ನಿ ಅನ್ನಲಿ ಅಂತ ಎದುರಿಗೆ ಸುಳಿದಾಡುತ್ತೇನೆ. ಈ ವಯಸ್ಸಿಗೆ ನಾಚಿಕೆಯಾಗಬೇಕು ನನಗೆ.

ಪರೀಕ್ಷೆ ನಿಲ್ಲಿಸಿದ್ದೇನೆ. ಆದರೆ ನಿನ್ನೆ ಎಣ್ಣೆ ಹಚ್ಚುವಾಗ ಬೇರೆ ಥರ ಕೇಳಿದೆ. ಜೀರುಂಡೆ ಹೇಗಿದ್ದ ಅಮ್ಮ?

ಅಮ್ಮ ಕಣ್ಣು ಮುಚ್ಚಿಕೊಂಡೇ ಹೇಳಿದಳು. "ಹೊಟ್ಟೆ ಮೇಲೆ ಹಾಕ್ಕೊಂಡ್ರೇ ನಿದ್ದೆ ಅವನಿಗೆ. ಕೆಳಗೆ ಮಲಗಿಸೋ ಹಾಗಿಲ್ಲ." ಸ್ವಲ್ಪ ಹೊತ್ತು ಬಿಟ್ಟು, "ನೀವು ಎಲ್ಲಿಂದ ಮಾತಾಡ್ತಿರೋದು?"

ಇಲ್ಲಿಂದಲೇ ಅಮ್ಮ ಅಂದೆ.

ಚಿಕ್ಕಮ್ಮನ ಮಾತಿಗೆ ಕೊನೆಗೂ ಒಪ್ಪಿದ್ದೇನೆ. ಕಳ್ಳರ ಪಟ್ಟಿಯಲ್ಲಿ ಒಮ್ಮೆ ನಂಬರ್ ಸೇರಿದರೆ ಬಿಡುವುದಿಲ್ಲ, ವಾರಕ್ಕೊಂದು ಫೋನ್ ಬರುತ್ತಿದೆ. ಆ ಘಟನೆ ಆದಮೇಲೆ ಬಂದ ಹೊಸ ಕಾರ್ಡನ್ನು ನಾನೇ ಎತ್ತಿಟ್ಟಿದ್ದೆ. ಇನ್ನು ಅಮ್ಮನ ಖಾತೆ ನಾನೇ ನೋಡಿಕೊಳ್ಳುವ ಹಾಗೆ ಮಾಡಿಸಬೇಕು. ಅದಕ್ಕೆ ಅಮ್ಮನ ಒಪ್ಪಿಗೆ ಬೇಕು. ಫೋನಿನಲ್ಲಿ, ರೆಕಾರ್ಡ್ ಆಗುವ ಕಾಲ್‌ನಲ್ಲಿ. ಮೊದಲು ಅಮ್ಮ ತಾನು ತಾನೇ ಎಂದು ಸಾಬೀತು ಮಾಡಬೇಕು. ಅದೇ ಪ್ರಶ್ನೆ.

ಅದೊಂದನ್ನು ಅಮ್ಮ ಮರೆಯುವುದಿಲ್ಲ ಅಂದರು ಮೀಸೆ. ನಾನೂ ಹಾಗೇ ಅಂದುಕೊಂಡಿದ್ದೇನೆ.

ಜೂನ್ 2, ಸೋಮವಾರ. ಮಧ್ಯಾಹ್ನ

ಕಾಲ್ ಇತ್ತು. ಡೆಸ್ಕಿನಿಂದ ಮಾತಾಡಲು ಜಡೆಯನ್ನೇ ಹಾಕಿಸಿಕೊಂಡಿದ್ದೆ.

ಅಮ್ಮನಿಗೆ ಒಗೆದ ಸೀರೆ ಉಡಿಸಿ, ತಲೆ ಬಾಚಿ, ಕುರ್ಚಿಯಲ್ಲಿ ಕೂರಿಸಿದೆ. ಫೋನ್ ಕೈಗೆ ಬಂದದ್ದೇ ಬೆನ್ನು ನೆಟ್ಟಗಾಯಿತು. ಸ್ಪೀಕರ್ ಹಾಕಿದೆ. ನಾನು ಪಕ್ಕದಲ್ಲಿರಬಹುದು, ಬಾಯಿ ಬಿಡುವಂತಿಲ್ಲ. ಉತ್ತರ ಹೇಳಿಕೊಟ್ಟರೆ ಕಾಲ್ ರದ್ದು. ಈ ನಿಯಮವನ್ನು ನಾನೇ ಎಷ್ಟು ಜನರ ಮಕ್ಕಳಿಗೆ ಹೇಳಿದ್ದೇನೋ. ಒಬ್ಬನಂತೂ ಅತ್ತುಬಿಟ್ಟಿದ್ದ, ನಾನು ಸಾರಿ ಸಾರ್ ಎಂದು ಮುಂದಿನ ಕಾಲ್‌ಗೆ ಹೋಗಿದ್ದೆ.

ಹೆಸರು ಹೇಳಿದಳು. ಜನ್ಮದಿನ ಹೇಳಿದಳು, ನಿಧಾನವಾಗಿ, ಸರಿಯಾಗಿ. ನನಗೆ ಹೋದ ಜೀವ ಬಂದ ಹಾಗಾಯಿತು.

ಕೊನೆಯದಾಗಿ ಒಂದು ಪ್ರಶ್ನೆ ಅಮ್ಮ, ಅಂದಳು ಜಡೆ. ಮೊದಲ ಮಗುವಿನ ಮುದ್ದು ಹೆಸರು?

ಅಮ್ಮ ಗೋಡೆ ನೋಡಿದಳು. ಕಿಟಕಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು. ನೋಡುತ್ತ ನೋಡುತ್ತ ಅವಳ ಮುಖ ಅರಳಿತು. ಎಷ್ಟೋ ದಿನದಿಂದ ನಾನು ಕಾಯುತ್ತಿದ್ದ ಮುಖ.

"ಚಿನ್ನಿ," ಅಂದಳು.

ಜಡೆ ಟೈಪ್ ಮಾಡಿದ್ದು ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ. ಆ ಮೌನದ ಅರ್ಥ ನನಗೆ ಗೊತ್ತು.

"ಇನ್ನೊಂದ್ಸಲ ಯೋಚನೆ ಮಾಡಿ ಹೇಳ್ತೀರಾಮ್ಮಾ?" ಅಂದಳು ಜಡೆ. "ನಿಧಾನವಾಗಿ. ಅವಸರ ಏನಿಲ್ಲ."

"ಯೋಚನೆ ಏನು ಬಂತು," ಅಂದಳು ಅಮ್ಮ. ನನ್ನ ಕೈ ಹಿಡಿದುಕೊಂಡಳು. "ಚಿನ್ನಿ. ಇಲ್ಲೇ ಕೂತಿದಾಳಲ್ಲ. ನನಗಿರೋದು ಇವಳೊಬ್ಬಳೇ."

ಕೆಂಪೇ ಇರಬೇಕು. ಕ್ಷಮಿಸಿ ಅಮ್ಮ, ಉತ್ತರ ಹೊಂದುತ್ತಿಲ್ಲ, ನಿಮ್ಮ ಸುರಕ್ಷತೆಗಾಗಿ ಕಾರ್ಡನ್ನು ತಡೆಹಿಡಿಯುತ್ತಿದ್ದೇವೆ ಎಂದು ಜಡೆ ಹೇಳಲೇಬೇಕಾದದ್ದನ್ನು ಹೇಳಿದಳು. ಪ್ರತಿ ಅಕ್ಷರವೂ ನನಗೆ ಬಾಯಿಪಾಠ. ಪರವಾಗಿಲ್ಲಮ್ಮ, ನಿಮ್ಮ ಕೆಲಸ ನೀವು ಮಾಡಿದಿರಿ ಅಂದಳು ಅಮ್ಮ. ಫೋನನ್ನು ಮೆಲ್ಲಗೆ ಇಟ್ಟಳು.

ಅಮ್ಮ ನನ್ನನ್ನು ಗುರುತು ಹಿಡಿದಳು. ಇದಕ್ಕಾಗಿಯೇ ಅಲ್ಲವೇ ಸುಳಿದಾಡುತ್ತಿದ್ದದ್ದು? ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಏಪ್ರಿಲ್‌ನಲ್ಲಿ ಆ ಕಳ್ಳಿ ಹೇಳಿದ್ದೂ ಇದೇ ಉತ್ತರ. ಅವಳಿಗೂ ಅವನು ಗೊತ್ತಿರಲಿಲ್ಲ.

ಜೂನ್ 3, ಮಂಗಳವಾರ

ಚಿಕ್ಕಮ್ಮನಿಗೆ ಹೇಳಿದೆ. "ಈಗ ಹೋದ ಅಂತ ಆಯ್ತು ಅವನು," ಅಂದಳು. ನನ್ನ ಮುಂದೆ ಅವಳು ಅತ್ತದ್ದು ಇದೇ ಮೊದಲು.

ಬ್ಯಾಂಕಿನ ಕೆಲಸ ಇನ್ನು ಡಾಕ್ಟರ ಪತ್ರ, ಬ್ರಾಂಚು, ಸಹಿ ಅಂತ ಆಗುತ್ತದೆ. ತಡವಾದರೂ ಆಗುತ್ತದೆ. ಅದರ ಚಿಂತೆ ಇಲ್ಲ. ಹೊಸದಾಗಿ ಗುಟ್ಟಿನ ಪ್ರಶ್ನೆ ಕೇಳುತ್ತಾರಲ್ಲ, ಮದುವೆಯೂ ಇಲ್ಲದ, ಮಕ್ಕಳೂ ಇಲ್ಲದ ನಾನು ಯಾವ ಪ್ರಶ್ನೆ ಆರಿಸಲಿ ಅಂದೆ ಜಡೆಗೆ. ಅದೇ ಇರಲಿ ಬಿಡು, ಸಿಸ್ಟಮ್ಮಿಗೆ ನಿಜ ಸುಳ್ಳು ಗೊತ್ತಾಗಲ್ಲ, ನೆನಪಿರೋರು ಒಬ್ಬರಿದ್ರೆ ಸಾಕು ಅದಕ್ಕೆ, ಅಂದಳು.

ಹಾಗೇ ಮಾಡುತ್ತೇನೆ. ಅವನ ಬಗ್ಗೆ ಗೊತ್ತಿರುವುದನ್ನೆಲ್ಲ ಇಲ್ಲಿ ಬರೆದಿಡುತ್ತೇನೆ. ಚಿಕ್ಕಮ್ಮನಿಗೂ ವಯಸ್ಸಾಯಿತು.

ಗಂಡು. ಚಳಿಗಾಲದಲ್ಲಿ ಹುಟ್ಟಿದವನು. ಸಣ್ಣ ದನಿ. ಹೊಟ್ಟೆಯ ಮೇಲೆ ಮಲಗಿಸಿಕೊಂಡರೆ ನಿದ್ದೆ. ಹಳದಿ ಸ್ವೆಟರ್, ಒಂದು ತೋಳು ಬಾಕಿ. ಮುಖ ಯಾರ ಹಾಗೆ ಇತ್ತೋ ಗೊತ್ತಿಲ್ಲ. ಅಮ್ಮನನ್ನು ಕೇಳಬೇಕಿತ್ತು, ಎಣ್ಣೆ ಹಚ್ಚುವಾಗ, ಕೇಳಿದ್ದರೆ ಹೇಳುತ್ತಿದ್ದಳು. ಕೂದಲು

ಅಮ್ಮ ಕೂಗುತ್ತಿದ್ದಾಳೆ. ಇವತ್ತು ಚಿನ್ನಿ ಅಂತ ಅಲ್ಲ. ಹಲೋ, ಹಲೋ ಅಂತ. ಲೈನ್‌ನಲ್ಲಿರಮ್ಮ, ಬಂದೆ —